ಮಾಸು ಬಿತ್ತಾ?

ಕಳೆದ ವರ್ಷ ಆಷಾಢದ ಒಂದು ಬೆಳಗಿನ ಜಾವ, ನಾಲ್ಕೂವರೆ ಹೊತ್ತಿಗೆ, ತಾಲೂಕು ಆಸ್ಪತ್ರೆಯ ಹೊರಗಿನ ಕಟ್ಟೆ ಮೇಲೆ ಕೂತು ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದೆ. ತಂಗಿಗೆ ಹೆರಿಗೆಯಾಗಿತ್ತು. ಎರಡು ಜೀವ ಬೇರೆಯಾಗಿದ್ದವು. ಅವಳ ಗಂಡ ಬೆಂಗಳೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ, "ಏನು ಮಗು ಅಕ್ಕ?" ಅಂದ. ಅವಳ ಅತ್ತೆ "ಗಂಡಾ ಹೆಣ್ಣಾ?" ಅಂದರು. ಚಿಕ್ಕಪ್ಪ ತೂಕ ಕೇಳಿದರು, ಹುಟ್ಟಿದ ಗಳಿಗೆ ಬರೆದುಕೊಂಡಿದ್ದೀಯಾ ಅಂತಲೂ ಕೇಳಿದರು. ಕೊನೆಗೆ ಅಜ್ಜಿಗೆ ಮಾಡಿದೆ. ಅಜ್ಜಿಗೆ ಈಗ ಎಂಬತ್ನಾಲ್ಕು, ಕಿವಿ ಮಂದ. ಮಾವನ ಹೆಂಡತಿ ಫೋನನ್ನು ಅವಳ ಕಿವಿಗೆ ಒತ್ತಿ ಹಿಡಿದಿದ್ದರು.

"ಅಜ್ಜೀ, ಹೆರಿಗೆ ಆಯ್ತು" ಅಂತ ಕೂಗಿದೆ.

"ಮಾಸು ಬಿತ್ತಾ?"

"ಬಿತ್ತಜ್ಜಿ." ಮಾಸು ಅಂದರೆ ಹೊಟ್ಟೆಯೊಳಗೆ ಮಗುವನ್ನು ಪೋಷಿಸುವ ಪ್ಲಾಸೆಂಟಾ, ಮಗುವಿನ ಹಿಂದೆ ಅದೂ ಹೊರಗೆ ಬರಬೇಕು.

"ಪೂರ್ತಿ ಬಿತ್ತಾ? ಯಾರು ನೋಡಿದ್ರು?"

"ಸಿಸ್ಟರ್ ನೋಡಿದ್ರು. ಪೂರ್ತಿ ಬಿದ್ದಿದೆ."

"ಹೋಗೋದು ನಿಂತೈತಾ?"

ರಕ್ತ ಹೋಗುವುದನ್ನು ಕೇಳುತ್ತಿದ್ದಳು. ಕಮ್ಮಿ ಆಗಿದೆ ಅಜ್ಜಿ, ಏನೂ ತೊಂದರೆ ಇಲ್ಲ ಅಂದೆ. ಅಜ್ಜಿ ಉಸಿರು ಬಿಟ್ಟಿದ್ದು ಈ ಕಡೆ ಕೇಳಿಸಿತು. "ಹಂಗಾದ್ರೆ ಸರಿ. ಈಗ ಹೇಳು, ಏನು ಮಗು?"

ಅವತ್ತು ನನಗೆ ಬಂದ ಅಷ್ಟೂ ಪ್ರಶ್ನೆಗಳಲ್ಲಿ ತಂಗಿಯ ಬಗ್ಗೆ ಇದ್ದದ್ದು ಅಜ್ಜಿ ಕೇಳಿದ್ದು ಮಾತ್ರ. ಆಮೇಲೆ ತುಂಬಾ ದಿನ ಅದು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಹೆರಿಗೆ ಅಂದರೆ ನಮಗೆ ಮಗು ಅಳುವ ತನಕ. ಮಗು ಅತ್ತಿತು ಅಂದರೆ ಮುಗಿಯಿತು, ಸಕ್ಕರೆ ತರುವುದು, ಫೋನ್ ಮಾಡುವುದು. ಆದರೆ ತಾಯಿಯ ದೇಹಕ್ಕೆ ಆ ಹೊತ್ತಿನಲ್ಲಿ ಅರ್ಧ ಕೆಲಸ ಇನ್ನೂ ಬಾಕಿ ಇರುತ್ತದೆ. ಹಸು ಕರು ಹಾಕಿದಾಗ ನಮ್ಮ ಹಳ್ಳಿಯಲ್ಲಿ ಯಾರೂ ಹಾಗೆ ಎದ್ದು ಹೋಗುವುದಿಲ್ಲ. ಮಾಸು ಬೀಳುವ ತನಕ ಕೊಟ್ಟಿಗೆಯಲ್ಲೇ ಕಾಯುತ್ತಾರೆ, ಎಷ್ಟು ರಾತ್ರಿಯಾದರೂ. ಹೆಂಗಸಿನ ವಿಷಯದಲ್ಲಿ ಅದೇ ಕಾಯುವಿಕೆ ನಮಗೆ ಯಾಕೆ ಮರೆತುಹೋಗುತ್ತದೋ.

ನಾನೂ ಹನ್ನೊಂದು ವರ್ಷದ ಹಿಂದೆ ಹೆತ್ತವಳು. ಆಗ ನನಗೆ ಏನೂ ಗೊತ್ತಿರಲಿಲ್ಲ. ಡಿಗ್ರಿ ಓದಿದ್ದೆ, ಕೆಲಸದಲ್ಲಿದ್ದೆ, ಮಗುವಿಗೆ ಯಾವ ಸೋಪು ಅಂತ ಹತ್ತು ಜನರನ್ನು ಕೇಳಿದ್ದೆ. ನನ್ನ ಹೊಟ್ಟೆಯೊಳಗೆ ಏನು ನಡೆಯಲಿದೆ ಅಂತ ಒಬ್ಬರನ್ನೂ ಕೇಳಿರಲಿಲ್ಲ. ಒಂದು ನರ್ಸಿಂಗ್ ಹೋಮಿನಲ್ಲಿ ಇಡೀ ದಿನ ಅಂಗಾತ ಮಲಗಿಸಿ ಡ್ರಿಪ್ಸ್ ಹಾಕಿದರು. ಬಂದವರು ಪರೀಕ್ಷೆ ಮಾಡಿ ಒಬ್ಬರಿಗೊಬ್ಬರು ಏನೋ ಹೇಳಿಕೊಂಡು ಹೋಗುತ್ತಿದ್ದರು, ನನಗಲ್ಲ. ಅಮ್ಮನನ್ನು ಒಳಗೆ ಬಿಡಲಿಲ್ಲ. ಕೊನೆಯಲ್ಲಿ ಒಬ್ಬರು ಸ್ಟೂಲ್ ಹತ್ತಿ ನನ್ನ ಹೊಟ್ಟೆಯನ್ನು ಮೇಲಿನಿಂದ ಜೋರಾಗಿ ಒತ್ತಿದರು. ಹಾಗೆ ಒತ್ತಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರ ಹೆರಿಗೆ ಮಾರ್ಗಸೂಚಿಯಲ್ಲಿ ಹೇಳಿದೆ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ. ಆ ಒತ್ತಿದ ಕೈ ನೆನಪಾದರೆ ಈಗಲೂ ಪಕ್ಕೆ ಬಿಗಿಯಾಗುತ್ತದೆ.

ಅದಕ್ಕೇ ತಂಗಿ ಬಸುರಿಯಾದಾಗ ನಾನು ಓದಲು ಶುರು ಮಾಡಿದೆ. ಅವಳಿಗೂ ಹೇಳುತ್ತಾ ಹೋದೆ. ಹೆದರಿಸೋದಕ್ಕಲ್ಲ. ಕತ್ತಲ ದಾರಿಯಲ್ಲಿ ಎಲ್ಲಿ ಹಳ್ಳ, ಎಲ್ಲಿ ತಿರುವು ಅಂತ ಮೊದಲೇ ಗೊತ್ತಿದ್ದರೆ ಕಾಲು ಅಷ್ಟು ನಡುಗಲ್ಲ, ಅಲ್ವಾ.

ಅವಳಿಗೆ ನೋವು ಕಾಣಿಸಿಕೊಂಡಿದ್ದು ಭಾನುವಾರ ರಾತ್ರಿ. ಅದಕ್ಕೆ ಹಿಂದಿನ ವಾರ ಎರಡು ಸಲ ಕಳ್ಳನೋವು ಬಂದು ಹೋಗಿತ್ತು. ಕಳ್ಳನೋವು ಓಡಾಡಿದರೆ, ನೀರು ಕುಡಿದು ಮಗ್ಗುಲು ಬದಲಿಸಿದರೆ ಕಮ್ಮಿಯಾಗುತ್ತದೆ. ನಿಜವಾದ ನೋವು ಹಾಗಲ್ಲ. ಸೊಂಟದಿಂದ ಎದ್ದು ಮುಂದಕ್ಕೆ ಬರುತ್ತದೆ, ಏರುತ್ತದೆ, ಇಳಿಯುತ್ತದೆ, ಪೂರ್ತಿ ಬಿಡುತ್ತದೆ. ಮತ್ತೆ ಬರುವಾಗ ಸ್ವಲ್ಪ ಬೇಗ, ಸ್ವಲ್ಪ ಜಾಸ್ತಿ ಹೊತ್ತು. ಮಧ್ಯೆ ಪೂರ್ತಿ ಬಿಡುತ್ತದೆ ಅನ್ನುವುದನ್ನು ನನಗೆ ಯಾರೂ ಹೇಳಿರಲಿಲ್ಲ. ಆ ಬಿಡುವಿನಲ್ಲೂ ನಾನು ಮುಂದಿನ ನೋವಿಗೆ ಹೆದರಿಕೊಂಡು ಮುಷ್ಟಿ ಬಿಗಿದುಕೊಂಡೇ ಇದ್ದೆ. ತಂಗಿ ಆ ಬಿಡುವಿನಲ್ಲಿ ಇಡ್ಲಿ ತಿಂದಳು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಆಸ್ಪತ್ರೆಗೆ ಹೋದೆವು. ನೋಡಿದ ನರ್ಸಮ್ಮ "ಮೂರು ಸೆಂಟಿಮೀಟರ್, ಇನ್ನೂ ಟೈಮ್ ಇದೆ" ಅಂದರು. ಅಮ್ಮನ ಮುಖ ಸಣ್ಣಗಾಯಿತು. "ಇಡೀ ರಾತ್ರಿ ನೋವು ತಿಂದಿದ್ದಾಳೆ, ಇನ್ನೂ ಮೂರೇನಾ?" ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಅನ್ನುವ ಅಳತೆ ಅದು, ಪೂರ್ತಿ ತೆರೆದರೆ ಹತ್ತು. ಈ ಮೂರರ ಲೆಕ್ಕ ಎಷ್ಟು ಜನರ ಧೈರ್ಯ ಕೆಡಿಸಿದೆಯೋ. ಗರ್ಭಕೋಶವನ್ನು ಬಾಯಿ ಕೆಳಗೆ ಮಾಡಿ ಬಿಗಿಯಾಗಿ ಕಟ್ಟಿದ ಚೀಲ ಅಂದುಕೊಳ್ಳಿ. ಒಂದೊಂದು ನೋವಿಗೂ ಮೇಲಿನ ಸ್ನಾಯು ಬಿಗಿದು, ಗಿಡ್ಡವಾಗಿ, ಕೆಳಗಿನ ಬಾಯಿಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಬಾಯಿ ಮೊದಲು ಮೆತ್ತಗಾಗಬೇಕು, ತೆಳ್ಳಗಾಗಬೇಕು, ಆಮೇಲೆ ತೆರೆಯಬೇಕು. ಮೆತ್ತಗಾಗುವ, ತೆಳ್ಳಗಾಗುವ ಕೆಲಸ ಸೆಂಟಿಮೀಟರಿನಲ್ಲಿ ಕಾಣುವುದೇ ಇಲ್ಲ. ಚೊಚ್ಚಲಿಗೆ ಅದಕ್ಕೇ ಒಂದು ದಿನ ಹಿಡಿಯಬಹುದು. ರಾತ್ರಿಯ ನೋವು ಸುಮ್ನೆ ಹೋಗಿರಲಿಲ್ಲ, ಕಣ್ಣಿಗೆ ಕಾಣದ ಕೆಲಸ ಮಾಡಿತ್ತು.

ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಬೇಕು ಅನ್ನುವ ಲೆಕ್ಕ ತುಂಬಾ ಕಾಲ ನಡೆದುಬಂತು. ಅದರ ಬೇರು ಇರುವುದು 1955ರಲ್ಲಿ. ನ್ಯೂಯಾರ್ಕಿನಲ್ಲಿ ಇಮ್ಯಾನ್ಯುಯೆಲ್ ಫ್ರೀಡ್‌ಮನ್ ಅನ್ನುವ ವೈದ್ಯರು ಚೊಚ್ಚಲ ಹೆರಿಗೆಯ 500 ಹೆಂಗಸರನ್ನು ಗಮನಿಸಿ ಒಂದು ಗೆರೆ ಎಳೆದರು. ಆ ಗೆರೆಯೇ ಮುಂದೆ ಲೋಕದ ಎಲ್ಲ ಹೆಂಗಸರಿಗೂ ಅಳತೆಗೋಲಾಯಿತು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಗಂಟೆಗೊಂದರ ಲೆಕ್ಕವನ್ನು ಕೈಬಿಡಿ ಅಂತ ಹೇಳಿತು. ಬಿರುಸಿನ ಹಂತ ಶುರುವಾಗುವುದು ಐದು ಸೆಂಟಿಮೀಟರಿನಿಂದ. ಅಲ್ಲಿಂದ ಹತ್ತಕ್ಕೆ ಚೊಚ್ಚಲಿಗೆ ಹನ್ನೆರಡು ಗಂಟೆ ತನಕ ಹಿಡಿಯಬಹುದು. ತಾಯಿ ಮಗು ಎರಡೂ ಚೆನ್ನಾಗಿದ್ದರೆ ನಿಧಾನ ಅನ್ನುವ ಒಂದೇ ಕಾರಣಕ್ಕೆ ಅವಸರ ಮಾಡಬೇಕಿಲ್ಲ. ಹಾಗಂತ ಸುಮ್ಮನೆ ಕೂರುವುದಲ್ಲ, ಕಾವಲು ಇರಬೇಕು. ನರ್ಸಮ್ಮ ಅರ್ಧ ಗಂಟೆಗೊಮ್ಮೆ ಬಂದು ಮಗುವಿನ ಎದೆಬಡಿತ ಕೇಳುತ್ತಿದ್ದರು, ಕುದುರೆ ಓಡಿದ ಹಾಗೆ ಟಕಟಕ ಟಕಟಕ, ನಿಮಿಷಕ್ಕೆ 110ರಿಂದ 160ರ ಒಳಗೆ ಇರಬೇಕು. ನೀರು ಹೋದಾಗ ಅದರ ಬಣ್ಣ ನೋಡಿದರು. ತಿಳಿಯಾಗಿತ್ತು. ಹಸಿರು ಬಣ್ಣ ಬಂದಿದ್ದರೆ ಮಗು ಒಳಗೇ ಮಲ ಮಾಡಿದೆ ಅಂತ, ಆಗ ಇನ್ನೂ ಹುಷಾರಾಗಿರಬೇಕು.

ನನ್ನನ್ನು ಒಳಗೆ ಬಿಟ್ಟಿದ್ದರು. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಹೊತ್ತಿಗೆ ಜೊತೆಗೊಬ್ಬರು ಇರಬಹುದು ಅಂತ ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಒಪ್ಪಿದೆ. ಮನೆಯ ಹೆಂಗಸಾಗಿರಬೇಕು, ಹೆತ್ತ ಅನುಭವ ಇರಬೇಕು. ಇದು ಎಷ್ಟೋ ಜನರಿಗೆ ಗೊತ್ತಿಲ್ಲ, ದಯವಿಟ್ಟು ಕೇಳಿ. ಕೇಳಿದರೆ ಎಲ್ಲ ಕಡೆ ಬಿಡುತ್ತಾರೆ ಅಂತ ಹೇಳಲಾರೆ, ಆದರೆ ಕೇಳಿ. ನಾನು ಅಲ್ಲಿ ಮಾಡಿದ್ದು ದೊಡ್ಡದೇನಲ್ಲ. ಸೊಂಟ ನೀವಿದೆ. ನೀರು ಕುಡಿಸಿದೆ. ವಾರ್ಡಿನ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಅವಳನ್ನು ನಡೆಸಿದೆ. ನೋವು ಬಂದಾಗ ಅವಳು ನನ್ನ ಹೆಗಲಿಗೆ ಎರಡೂ ಕೈ ಹಾಕಿ ಜೋತುಬೀಳುತ್ತಿದ್ದಳು. ಅವಳ ಭಾರ ನನ್ನ ಮೇಲೆ, ನಮ್ಮಿಬ್ಬರ ಮಧ್ಯೆ ಆ ಗಟ್ಟಿಯಾದ ಹೊಟ್ಟೆ. ಚಿಕ್ಕವಳಿದ್ದಾಗ ಜಾತ್ರೆಯಿಂದ ಹೊತ್ತುಕೊಂಡು ಬಂದ ಕೂಸು ಇವಳು. ನಡುನಡುವೆ "ಅಕ್ಕ, ಈಗ ಒಳಗೆ ಏನಾಗ್ತಿದೆ, ಹೇಳು" ಅನ್ನುತ್ತಿದ್ದಳು. ನಾನು ಹೇಳುತ್ತಿದ್ದೆ. ಬಾಯಿ ಮೇಲಕ್ಕೆ ಎಳ್ಕೋತಿದೆ. ಮಗು ತಲೆ ಒತ್ತುತಿದೆ. ತಲೆ ಒತ್ತಿದಷ್ಟೂ ನಿನ್ನ ಮಿದುಳು ಆಕ್ಸಿಟೋಸಿನ್ ಅನ್ನೋ ಹಾರ್ಮೋನನ್ನ ಇನ್ನಷ್ಟು ಬಿಡುತ್ತೆ, ಅದು ಇನ್ನಷ್ಟು ನೋವು ತರುತ್ತೆ, ಆ ನೋವು ತಲೆಯನ್ನ ಇನ್ನಷ್ಟು ಒತ್ತುತ್ತೆ. ಗಾಣದ ಹಾಗೆ ಸುತ್ತುತ್ತಾ ಇದೆ, ನಿಲ್ಲೋದು ಮಗು ಹೊರಗೆ ಬಂದ ಮೇಲೇ.

ಸಂಜೆ ಆರಕ್ಕೆ ಐದು. ರಾತ್ರಿ ಹನ್ನೆರಡೂ ಮುಕ್ಕಾಲಿಗೆ ಹತ್ತು.

ಹತ್ತಾದ ಮೇಲೆ ಮಗು ಹೊರಬರುವ ದಾರಿಯ ಬಗ್ಗೆ ಓದಿದಾಗ ನನಗೆ ನೆನಪಾಗಿದ್ದು ಬಳೆಗಾರ. ಸೀಮಂತದ ದಿನ ತಂಗಿಗೆ ಹಸಿರು ಬಳೆ ತೊಡಿಸಲು ಬಂದಿದ್ದವರು ಕೈಯನ್ನು ಹೇಗೆಂದರೆ ಹಾಗೆ ತೂರಿಸಲಿಲ್ಲ. ಹೆಬ್ಬೆರಳನ್ನು ಒಳಕ್ಕೆ ಮಡಚಿ, ಅಂಗೈ ಮೂಳೆಗಳನ್ನು ಒಂದರ ಪಕ್ಕ ಒಂದು ಒತ್ತಿ, ಕೈಯನ್ನು ಸ್ವಲ್ಪ ಓರೆ ತಿರುಗಿಸಿ, ಗಟ್ಟಿ ಜಾಗದಲ್ಲಿ ಒಂದು ಗಳಿಗೆ ತಡೆದು, ಆಮೇಲೆ ಜಾರಿಸಿದರು. ಮಗುವೂ ಹಾಗೇ ಮಾಡುತ್ತದೆ. ಸೊಂಟದ ಮೂಳೆಯ ಮೇಲಿನ ಬಾಗಿಲು ಅಡ್ಡಡ್ಡಕ್ಕೆ ಅಗಲ, ಕೆಳಗಿನ ಬಾಗಿಲು ಹಿಂದುಮುಂದಕ್ಕೆ ಅಗಲ. ಅದಕ್ಕೇ ಮಗು ಪಕ್ಕಕ್ಕೆ ಮುಖ ಮಾಡಿ ಇಳಿದು, ಗದ್ದವನ್ನು ಎದೆಗೆ ಒತ್ತಿಕೊಂಡು, ದಾರಿಯಲ್ಲಿ ತಿರುಗಿ, ತಾಯಿಯ ಬೆನ್ನ ಕಡೆ ಮುಖ ಮಾಡಿ ಹೊರಗೆ ಬರುತ್ತದೆ. ತಲೆಯ ಮೂಳೆಗಳು ಇನ್ನೂ ಕೂಡಿಕೊಂಡಿರುವುದಿಲ್ಲ, ಒಂದರ ಮೇಲೊಂದು ಸ್ವಲ್ಪ ಸರಿಯುತ್ತವೆ. ಹುಟ್ಟಿದ ಮಗುವಿನ ತಲೆ ಉದ್ದಕ್ಕೆ ಕಾಣುವುದು ಅದಕ್ಕೇ. ಕೆಲವೇ ದಿನದಲ್ಲಿ ತಾನೇ ಸರಿಹೋಗುತ್ತದೆ, ಎಣ್ಣೆ ಹಚ್ಚಿ ಒತ್ತಿ ದುಂಡಗೆ ಮಾಡಬೇಕಿಲ್ಲ.

ಮುಕ್ಕು ತಾನೇ ಬಂತು. "ತಡಿಯೋಕೆ ಆಗ್ತಿಲ್ಲ ಅಕ್ಕ" ಅಂದಳು. ಒಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು. ತಲೆ ಕಂಡು ಮತ್ತೆ ಒಳಗೆ ಹೋಗುತ್ತಿತ್ತು, ಮತ್ತೆ ಕಾಣುತ್ತಿತ್ತು. ಕೊನೆಗೆ ತಲೆ ಅಲ್ಲೇ ನಿಂತಾಗ ಉರಿ ಉರಿ ಅಂತ ಕಿರುಚಿದಳು. ಆಗ ನರ್ಸಮ್ಮ ದನಿ ಏರಿಸದೆ, ಬೈಯದೆ, "ಈಗ ಮುಕ್ಕಬೇಡ ಮಗಳೇ. ಬಾಯಿ ಬಿಟ್ಟು ಹಾ ಹಾ ಅಂತ ಉಸಿರು ಬಿಡು" ಅಂದರು. ಆ ಹೊತ್ತಲ್ಲಿ ಜೋರಾಗಿ ಮುಕ್ಕಿದರೆ ಹರಿಯುತ್ತದೆ. ನಿಧಾನಕ್ಕೆ ಬಂದರೆ ಚರ್ಮ ಹಿಗ್ಗಲು ಸಮಯ ಸಿಗುತ್ತದೆ. ಹಾ ಹಾ ಅನ್ನುತ್ತಲೇ ತಲೆ ಬಂತು, ಹೆಗಲು ಬಂತು, ಎರಡು ಗಂಟೆ ಹತ್ತು ನಿಮಿಷಕ್ಕೆ ಇಡೀ ಮಗು ಒದ್ದೆ ಒದ್ದೆಯಾಗಿ ಅವಳ ಹೊಟ್ಟೆ ಮೇಲೆ ಮಲಗಿತ್ತು. ಹೊಕ್ಕುಳಬಳ್ಳಿಯನ್ನು ತಕ್ಷಣ ಕತ್ತರಿಸಲಿಲ್ಲ. ಅದು ಇನ್ನೂ ಮಿಡಿಯುತ್ತಿತ್ತು, ನೀಲಿ ಬಿಳಿ ಹುರಿ. ಆ ಒಂದೆರಡು ನಿಮಿಷದಲ್ಲಿ ಮಾಸಿನಲ್ಲಿರುವ ರಕ್ತ ಮಗುವಿಗೆ ಇಳಿಯುತ್ತದೆ.

ಮಗು ಅತ್ತಿತು. ಬಾಗಿಲ ಹೊರಗೆ ಅಮ್ಮ ಅತ್ತಳು. ನಾನೂ ಮಗುವಿನ ಮುಖ ನೋಡುತ್ತಾ ನಿಂತುಬಿಟ್ಟಿದ್ದೆ. ನರ್ಸಮ್ಮ ಮಾತ್ರ ಮಗುವನ್ನು ನೋಡುತ್ತಿರಲಿಲ್ಲ. ಮಗು ಹುಟ್ಟಿ ಒಂದು ನಿಮಿಷದೊಳಗೆ ತಂಗಿಯ ತೊಡೆಗೆ ಒಂದು ಇಂಜೆಕ್ಷನ್ ಚುಚ್ಚಿ, ಒಂದು ಕೈ ಅವಳ ಕಿಬ್ಬೊಟ್ಟೆಯ ಮೇಲಿಟ್ಟು ಕಾಯುತ್ತಾ ನಿಂತಿದ್ದರು.

ಅವರು ಕಾಯುತ್ತಿದ್ದದ್ದು ಇದಕ್ಕೆ. ತುಂಬಿದ ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಸುಮಾರು 500ರಿಂದ 700 ಮಿಲಿ ರಕ್ತ ಹರಿಯುತ್ತಿರುತ್ತದೆ. ನಿಮಿಷಕ್ಕೆ. ಮೈಯಲ್ಲಿರುವುದೇ ಐದಾರು ಲೀಟರ್. ಮಾಸು ಅಂಟಿಕೊಂಡಿದ್ದ ಜಾಗದಲ್ಲಿ ಆ ರಕ್ತನಾಳಗಳ ಬಾಯಿ ತೆರೆದಿರುತ್ತದೆ. ಮಾಸು ಬಿಡಿಸಿಕೊಂಡ ಮೇಲೆ ಅವನ್ನು ಮುಚ್ಚುವವರು ಯಾರು? ಗರ್ಭಕೋಶವೇ. ಅದರ ಸ್ನಾಯುವಿನ ಎಳೆಗಳು ಚಾಪೆ ಹೆಣೆದ ಹಾಗೆ ಅಡ್ಡಡ್ಡ ಹೆಣೆದುಕೊಂಡಿವೆ, ರಕ್ತನಾಳಗಳು ಆ ಹೆಣಿಗೆಯ ಸಂದಿಯಲ್ಲಿ ಹಾದುಹೋಗುತ್ತವೆ. ಗರ್ಭಕೋಶ ಬಿಗಿದು ಗಟ್ಟಿಯಾದರೆ ಒಂದೊಂದು ನಾಳಕ್ಕೂ ದಾರ ಕಟ್ಟಿದ ಹಾಗೆ ಆಗುತ್ತದೆ. ಬಿಗಿಯದೆ ಮೆತ್ತಗೇ ಉಳಿದರೆ ನಲ್ಲಿ ತೆರೆದಿಟ್ಟ ಹಾಗೆ. ಹೆರಿಗೆಯ ನಂತರದ ರಕ್ತಸ್ರಾವಕ್ಕೆ ಅತಿ ದೊಡ್ಡ ಕಾರಣ ಇದೇ, ಗರ್ಭಕೋಶ ಗಟ್ಟಿಯಾಗದಿರುವುದು. ಮಾಸಿನ ಚೂರು ಒಳಗೇ ಉಳಿದರೂ ಹಾಗೇ, ಅದು ಗರ್ಭಕೋಶವನ್ನು ಪೂರ್ತಿ ಬಿಗಿಯಲು ಬಿಡುವುದಿಲ್ಲ. ಮೂತ್ರಕೋಶ ತುಂಬಿದ್ದರೂ ಅಡ್ಡಿ. ಹೆರಿಗೆ ಆದವರಿಗೆ ಮೂತ್ರ ಮಾಡಿದ್ರಾ ಅಂತ ಮತ್ತೆ ಮತ್ತೆ ಕೇಳುವುದು ಇದಕ್ಕೇ.

ತಂಗಿಯ ಮಾಸು ಒಂಬತ್ತು ನಿಮಿಷಕ್ಕೆ ಬಂತು. ನಾನು ಜೀವನದಲ್ಲಿ ಮೊದಲ ಸಲ ಮಾಸನ್ನು ಕಣ್ಣಾರೆ ನೋಡಿದೆ, ನನ್ನದನ್ನು ನನಗೆ ತೋರಿಸಿರಲಿಲ್ಲ. ಒಂದು ಊಟದ ತಟ್ಟೆಯಷ್ಟು ಅಗಲ, ಅರ್ಧ ಕೆಜಿ ತೂಗುವಷ್ಟು. ಒಂದು ಮುಖ ನುಣ್ಣಗೆ ಹೊಳೆಯುತ್ತಿತ್ತು, ಮಧ್ಯದಿಂದ ಹೊರಟ ನಾಳಗಳು ಆಲದ ಮರದ ಕೊಂಬೆಗಳ ಹಾಗೆ ಹರಡಿದ್ದವು. ನರ್ಸಮ್ಮ ಅದನ್ನು ಟ್ರೇಯಲ್ಲಿ ಮಗುಚಿದರು. ಆ ಕಡೆ ಕಡುಗೆಂಪು, ಗೀರು ಬಿಟ್ಟ ಗದ್ದೆಯ ಹಾಗೆ ಹೋಳು ಹೋಳು. ಎರಡೂ ಅಂಗೈ ಜೋಡಿಸಿ ಅದನ್ನು ಎತ್ತಿ ಹಿಡಿದು, ಹೋಳುಗಳು ಒಂದಕ್ಕೊಂದು ಕೂಡುತ್ತವಾ, ಎಲ್ಲಾದರೂ ಚೂರು ಕಿತ್ತುಹೋದ ಗುಂಡಿ ಇದೆಯಾ ಅಂತ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದರು. ಪೊರೆಯನ್ನು ಬೆರಳ ಮೇಲೆ ಹರಡಿ ನೋಡಿದರು. ಬಳ್ಳಿಯ ಕತ್ತರಿಸಿದ ತುದಿಯಲ್ಲಿ ಮೂರು ತೂತು ಎಣಿಸಿದರು. ಬೆಳಗಿನಿಂದ ನಿಂತೇ ಇದ್ದ ಹೆಂಗಸು, ರಾತ್ರಿ ಎರಡೂವರೆಯಲ್ಲಿ, ಅಷ್ಟು ನಿಧಾನವಾಗಿ. "ಪೂರ್ತಿ ಇದೆ" ಅಂದರು. ಅಜ್ಜಿಗೆ ನಾನು ಧೈರ್ಯವಾಗಿ ಉತ್ತರ ಕೊಟ್ಟಿದ್ದು ಆ ನೋಟದ ಬಲದಿಂದ.

ಅಜ್ಜಿ ಯಾಕೆ ಕೇಳಿದಳು ಅಂತ ಈಗ ಹೇಳಬೇಕು. ಅಜ್ಜಿಗೊಬ್ಬಳು ಅಕ್ಕ ಇದ್ದಳು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅಜ್ಜಿಗೆ ಆಗ ಹನ್ನೆರಡು. ಸೂಲಗಿತ್ತಿ ಬಂದಿದ್ದಳು, ಬೆಳಗಾಗುವಷ್ಟರಲ್ಲಿ ಗಂಡು ಮಗು ಹುಟ್ಟಿತು. ಮನೆಯಲ್ಲಿ ಸಂಭ್ರಮ. ಮಾಸು ಮಾತ್ರ ಬೀಳಲಿಲ್ಲ. ಕೂದಲ ತುದಿಯನ್ನು ಬಾಯಿಗೆ ತುರುಕಿ ಓಕರಿಸುವ ಹಾಗೆ ಮಾಡಿದರಂತೆ, ಆಗ ಹೊಟ್ಟೆ ಬಿಗಿದು ಮಾಸು ಬೀಳುತ್ತದೆ ಅಂತ. ಆಮೇಲೆ ಬಳ್ಳಿ ಹಿಡಿದು ಎಳೆದರಂತೆ. ಅರ್ಧ ಬಂತು. ಬಂತಲ್ಲ ಅಂತ ಎಲ್ಲರೂ ಮಗುವನ್ನು ನೋಡಲು ಹಜಾರಕ್ಕೆ ಹೋದರು. ಅಕ್ಕನ ಹತ್ತಿರ ಕೂತಿರು ಅಂತ ಅಜ್ಜಿಗೆ ಹೇಳಿದ್ದರು. ಅವಳೂ ಮಗು ನೋಡಿ ಬರ್ತೀನಿ ಅಂತ ಎದ್ದು ಹೋದಳು. ವಾಪಸ್ ಬಂದಾಗ ಅಕ್ಕ ಕಂಬಳಿ ಹೊದ್ದು ತಣ್ಣಗೆ ಮಲಗಿದ್ದಳಂತೆ. ಕೆಳಗೆ ಹಾಸಿದ್ದ ಗೋಣಿಚೀಲ ಪೂರ್ತಿ ನೆನೆದು ಮಣ್ಣಿನ ನೆಲ ಹೀರಿಕೊಳ್ಳುತ್ತಿತ್ತಂತೆ. "ಚಳಿ ಆಗ್ತೈತೆ ಅಂದಿದ್ಲು ಕಣೆ, ನಾನು ಇನ್ನೊಂದು ಕಂಬಳಿ ಹೊದಿಸಿ ಹೋಗಿದ್ದೆ" ಅಂದಳು ಅಜ್ಜಿ. ಎಪ್ಪತ್ತು ವರ್ಷ ಆಗಿದೆ. ಆ ಕಂಬಳಿಯ ಮಾತು ಬಂದಾಗ ಅವಳ ಕೈ ಇನ್ನೂ ಸೆರಗನ್ನು ಹುಡುಕುತ್ತದೆ. ಆ ಮಗುವೇ ನಮ್ಮ ದೊಡ್ಡ ಮಾವ.

ಸೂಲಗಿತ್ತಿಯನ್ನು ದೂರುವ ಮನಸ್ಸು ನನಗಿಲ್ಲ. ನಮ್ಮ ತುಮಕೂರು ಜಿಲ್ಲೆಯವರೇ, ಪಾವಗಡ ತಾಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ, ದುಡ್ಡು ತೆಗೆದುಕೊಳ್ಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಆಸ್ಪತ್ರೆಯೇ ಇಲ್ಲದ ಕಡೆ ಇಂಥ ಕೈಗಳು ಎಷ್ಟು ಮನೆ ಉಳಿಸಿವೆ. ಆದರೆ ಎಷ್ಟೇ ಒಳ್ಳೆಯ ಕೈಯಾದರೂ ಮೆತ್ತಗಾದ ಗರ್ಭಕೋಶದ ಮುಂದೆ ಔಷಧಿ ಇಲ್ಲದೆ ಏನು ಮಾಡೀತು?

ಅಜ್ಜಿಯ ಲೆಕ್ಕದಲ್ಲಿ ಅವಳ ಅಕ್ಕ ತೀರಿಕೊಂಡಿದ್ದು 1953ರ ಆಸುಪಾಸು. ಅದೇ 1953ರಲ್ಲಿ ಅಮೆರಿಕದಲ್ಲಿ ವಿನ್ಸೆಂಟ್ ಡು ವಿನ್ಯೋ ಅನ್ನುವ ವಿಜ್ಞಾನಿ ಪ್ರಯೋಗಶಾಲೆಯಲ್ಲಿ ಆಕ್ಸಿಟೋಸಿನ್ ತಯಾರಿಸಿದರು. 1955ರಲ್ಲಿ ಅವರಿಗೆ ನೊಬೆಲ್ ಬಂತು. ತಂಗಿಯ ತೊಡೆಗೆ ಚುಚ್ಚಿದ ಹತ್ತು ಯೂನಿಟ್ ಅದೇ. ಅದಕ್ಕೂ ಮೊದಲೇ, 1935ರಿಂದಲೇ, ಎರ್ಗೊಮೆಟ್ರಿನ್ ಅನ್ನುವ ಇನ್ನೊಂದು ಔಷಧಿ ಇತ್ತು. ಇದ್ದದ್ದು ನಮ್ಮ ಹಳ್ಳಿಯ ತನಕ ಬಂದಿರಲಿಲ್ಲ, ಅಷ್ಟೇ.

ಹಳ್ಳಿಯ ತನಕ ಬರುವ ಈ ಕಥೆಯಲ್ಲಿ ನಮ್ಮ ಬೆಳಗಾವಿಗೆ ದೊಡ್ಡ ಜಾಗ ಇದೆ. ನಮ್ಮವರಿಗೇ ಇದು ಗೊತ್ತಿಲ್ಲವಲ್ಲ ಅಂತ ನನಗೆ ಬೇಸರ. ಆಕ್ಸಿಟೋಸಿನ್ ಇಡಲು ಫ್ರಿಜ್ ಬೇಕು, ಚುಚ್ಚಲು ಬರಬೇಕು. ಗರ್ಭಕೋಶವನ್ನು ಹಾಗೇ ಬಿಗಿಸುವ ಮಿಸೊಪ್ರೊಸ್ಟಾಲ್ ಮಾತ್ರೆಗೆ ಎರಡೂ ಬೇಡ. 2002ರಿಂದ 2005ರ ತನಕ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ, ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರೂ ಸೇರಿ, 1620 ಹೆಂಗಸರ ಮೇಲೆ ಒಂದು ಅಧ್ಯಯನ ನಡೆಸಿದರು. ಅರ್ಧದಷ್ಟು ಜನಕ್ಕೆ ಹೆರಿಗೆಯಾದ ಕೂಡಲೇ ಈ ಮಾತ್ರೆ, ಉಳಿದವರಿಗೆ ಔಷಧಿ ಇಲ್ಲದ ಮಾತ್ರೆ. ಕೊಟ್ಟವರು ದೊಡ್ಡ ಡಾಕ್ಟರುಗಳಲ್ಲ, ಹಳ್ಳಿಯ ನರ್ಸಮ್ಮಂದಿರು. ಹೆಚ್ಚು ರಕ್ತ ಹೋದವರ ಪ್ರಮಾಣ ನೂರಕ್ಕೆ 12 ಇದ್ದದ್ದು 6.4ಕ್ಕೆ ಇಳಿಯಿತು. 2006ರಲ್ಲಿ ಇದು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕೆ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಅದೇ ಬೆಳಗಾವಿಯಲ್ಲಿ ಇನ್ನೊಂದು ಸರಳ ವಸ್ತುವನ್ನೂ ಬಳಸಿದರು. ಹೆರಿಗೆಯಾದ ಕೂಡಲೇ ತಾಯಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ. ಅದರ ತುದಿಯಲ್ಲಿ ಒಂದು ಚೀಲ, ಚೀಲದ ಮೇಲೆ ಅಳತೆಯ ಗೆರೆ. ರಕ್ತ ಹರಿದು ಚೀಲಕ್ಕೆ ಸೇರುತ್ತದೆ, ಎಷ್ಟು ಅಂತ ಕಣ್ಣಿಗೆ ಕಾಣುತ್ತದೆ. ಸುಮ್ನೆ ಕಣ್ಣಂದಾಜಿನಲ್ಲಿ ಹೇಳಿದಾಗ ಚೀಲದ ಅಳತೆಗಿಂತ ಮೂರನೇ ಒಂದರಷ್ಟು ಕಮ್ಮಿ ಹೇಳುತ್ತಿದ್ದರು ಅಂತ ಅಲ್ಲಿ ಗೊತ್ತಾಯಿತು. ಬಟ್ಟೆ ಹೀರಿಕೊಂಡಿದ್ದು, ಗೋಣಿಚೀಲ ಹೀರಿಕೊಂಡಿದ್ದು ಲೆಕ್ಕಕ್ಕೇ ಬರುವುದಿಲ್ಲ. ಆಮೇಲೆ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ 80 ಆಸ್ಪತ್ರೆಗಳಲ್ಲಿ ಇಂಥದೇ ಅಳತೆಯ ಹಾಳೆ ಹಾಸಿ, ರಕ್ತ ಜಾಸ್ತಿ ಕಂಡ ಕೂಡಲೇ ಹೊಟ್ಟೆ ನೀವುವುದು, ಔಷಧಿಗಳು, ಡ್ರಿಪ್ಸ್, ಪರೀಕ್ಷೆ ಎಲ್ಲವನ್ನೂ ಒಟ್ಟಿಗೇ ಶುರು ಮಾಡಿದರು. 2023ರಲ್ಲಿ ಬಂದ ಫಲಿತಾಂಶದಲ್ಲಿ ತೀವ್ರ ರಕ್ತಸ್ರಾವದಂಥ ಅಪಾಯಗಳು ನೂರಕ್ಕೆ 60ರಷ್ಟು ಕಮ್ಮಿಯಾಗಿದ್ದವು. ಹೊಸ ಔಷಧಿ ಒಂದೂ ಇರಲಿಲ್ಲ. ನೋಡುವುದು, ನೋಡಿದ ಕೂಡಲೇ ಏಳುವುದು. ಅದನ್ನು ಓದಿದ ದಿನ ನಾನು ಅಜ್ಜಿಯ ಗೋಣಿಚೀಲ ನೆನೆದು ಅತ್ತುಬಿಟ್ಟೆ.

ನನಗೂ ಆಗಿತ್ತು. ಹೆರಿಗೆಯಾಗಿ ಮುಕ್ಕಾಲು ಗಂಟೆಗೆ ಕಿವಿಯಲ್ಲಿ ಗುಂಯ್ ಅನ್ನಲು ಶುರುವಾಯಿತು. ಬಾಯಿ ಒಣಗಿತು. ಕೆಳಗೆ ಬಿಸಿಬಿಸಿಯಾಗಿ ಹೋಗುತ್ತಿದೆ ಅಂದೆ. ಅಲ್ಲಿದ್ದವರು "ಎಲ್ಲರಿಗೂ ಹಾಗೇ ಆಗುತ್ತೆ, ಮಲ್ಕೊಳ್ಳಿ" ಅಂದರು. ಮಗುವನ್ನು ಅಮ್ಮನ ಕೈಗೆ ಕೊಟ್ಟಿದ್ದರು, ಎಲ್ಲರೂ ಅಲ್ಲಿದ್ದರು. ಡ್ಯೂಟಿ ಬದಲಾಗಿ ಬಂದ ಇನ್ನೊಬ್ಬ ನರ್ಸ್ ಹೊದಿಕೆ ಎತ್ತಿ ನೋಡಿ ಓಡಿದ್ದು ನೆನಪಿದೆ. ಎರಡು ಬಾಟಲಿ ರಕ್ತ ಹಾಕಿದರು. ಆ ಹುಡುಗಿಯ ಮುಖ ಕೂಡ ನನಗೆ ಸರಿಯಾಗಿ ನೆನಪಿಲ್ಲ. ದಿನಾ ದೀಪ ಹಚ್ಚುವಾಗ ಅವಳನ್ನು ನೆನೆಯುತ್ತೇನೆ.

ಹೆರಿಗೆಯಾದ ಮೇಲೆ ಸ್ವಲ್ಪ ನಡುಕ ಬರುವುದು ನಿಜ, ಅದು ಎಷ್ಟೋ ಜನಕ್ಕೆ ಬಂದು ಹೋಗುತ್ತದೆ. ಆದರೆ ಒಂದು ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ನೆನೆದರೆ, ನಿಂಬೆಹಣ್ಣಿನಷ್ಟು ದೊಡ್ಡ ಗಡ್ಡೆ ಬಿದ್ದರೆ, ತಲೆ ತಿರುಗಿದರೆ, ಕಣ್ಣು ಕತ್ತಲೆ ಬಂದರೆ, ಎದೆ ಡವಡವ ಅಂದರೆ "ಎಲ್ಲರಿಗೂ ಹಾಗೇ" ಅನ್ನುವ ಮಾತು ಒಪ್ಪಬೇಡಿ. ಕೂಗಿ ಕರೆಯಿರಿ. ಸಿಸೇರಿಯನ್ ಆದವರಿಗೂ ಇದೇ ಮಾತು, ಅವರ ಗರ್ಭಕೋಶವೂ ಬಿಗಿಯಲೇಬೇಕು. ಮೈಯಲ್ಲಿ ರಕ್ತ ಮೊದಲೇ ಕಮ್ಮಿ ಇದ್ದರೆ ಸ್ವಲ್ಪ ಹೋದರೂ ತಡೆಯುವುದಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಜನಕ್ಕೆ ರಕ್ತಹೀನತೆ. ಮಲ ಕಪ್ಪಾಗುತ್ತೆ, ವಾಕರಿಕೆ ಬರುತ್ತೆ ಅಂತ ಕಬ್ಬಿಣದ ಮಾತ್ರೆಯನ್ನು ಕಸಕ್ಕೆ ಹಾಕುತ್ತೇವಲ್ಲ, ಆ ಮಾತ್ರೆ ಕೆಲಸಕ್ಕೆ ಬರುವುದು ಈ ಒಂದು ಗಂಟೆಯಲ್ಲಿ.

ನಮ್ಮ ರಾಜ್ಯದಲ್ಲಿ ಈಗ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. ಇದು ಸಣ್ಣ ಮಾತಲ್ಲ. ಆದರೂ 2018–20ರ ಲೆಕ್ಕದಲ್ಲಿ ಜೀವಂತ ಹುಟ್ಟಿದ ಲಕ್ಷ ಮಕ್ಕಳಿಗೆ 69 ತಾಯಂದಿರು ಕರ್ನಾಟಕದಲ್ಲಿ ತೀರಿಕೊಂಡಿದ್ದಾರೆ. ಆಸ್ಪತ್ರೆಗೆ ಬಂದ ಮಾತ್ರಕ್ಕೆ ಮುಗಿಯಲಿಲ್ಲ ಅಂತ ತಾನೇ ಇದರ ಅರ್ಥ.

ತಂಗಿಯ ನರ್ಸಮ್ಮ ಇನ್ನೊಂದು ಕೆಲಸ ಮಾಡಿದರು. ಅವಳ ಕೈಯನ್ನೇ ಹಿಡಿದು ಹೊಕ್ಕುಳ ಹತ್ತಿರ ಇಟ್ಟು ಒತ್ತಿಸಿದರು. "ಕ್ರಿಕೆಟ್ ಬಾಲ್ ಹಾಗೆ ಗಟ್ಟಿ ಸಿಗ್ತಾ? ಅದೇ ಗರ್ಭಕೋಶ. ಹೀಗೇ ಇರಬೇಕು. ಮೆತ್ತಗಾಯ್ತು ಅನ್ಸಿದ್ರೆ ನನ್ನ ಕರಿ." ಆಮೇಲೆ ನನ್ನ ಕೈಯನ್ನೂ ಇಡಿಸಿದರು. "ಎರಡು ಗಂಟೆ ಜಾಗ ಬಿಟ್ಟು ಏಳಬೇಡಿ" ಅಂದರು. ತಾವೂ ಹದಿನೈದು ನಿಮಿಷಕ್ಕೊಮ್ಮೆ ಬಂದು ನಾಡಿ, ಬಿಪಿ, ಪ್ಯಾಡ್ ನೋಡಿಕೊಂಡು ಹೋದರು. ಮಗು ಮೊಲೆಗೆ ಬಾಯಿ ಹಾಕಿದಾಗ ಆ ಚೆಂಡು ನನ್ನ ಅಂಗೈ ಕೆಳಗೆ ಇನ್ನಷ್ಟು ಬಿಗಿದದ್ದು ನನಗೇ ಗೊತ್ತಾಯಿತು. ಹಾಲೂಡಿಸುವಾಗ ಬರುವ ಅದೇ ಆಕ್ಸಿಟೋಸಿನ್. ಮಗು ಹೊರಗೆ ಬಂದ ಮೇಲೂ ಅಮ್ಮನಿಗೆ ಕಾವಲು ಕಾಯುತ್ತಿತ್ತು.

ಮೂರನೇ ದಿನ ಮನೆಗೆ ಬಂದೆವು. ಸಂಜೆ ಮಾವ ಅಜ್ಜಿಯನ್ನು ಕಾರಿನಲ್ಲಿ ಕರೆತಂದರು. ತೊಟ್ಟಿಲು ಬಾಗಿಲ ಪಕ್ಕದಲ್ಲೇ ಇತ್ತು, ಮಗು ಎದ್ದಿತ್ತು, ಎಲ್ಲರೂ ನೋಡು ನೋಡು ಅಂದರು. ಅಜ್ಜಿ ತೊಟ್ಟಿಲು ದಾಟಿ, ಗೋಡೆ ಹಿಡಿದುಕೊಂಡು, ತಂಗಿಯ ಮಂಚದ ಹತ್ತಿರ ಹೋಗಿ ಕೂತಳು. ಹೊದಿಕೆ ಸರಿಸಿ, ಸೀರೆಯ ಮೇಲಿಂದಲೇ ಹೊಕ್ಕುಳ ಕೆಳಗೆ ಕೈ ಒತ್ತಿದಳು. ತಂಗಿ ಅವಳ ಕೈ ಹಿಡಿದು ಇನ್ನೂ ಎರಡು ಬೆರಳು ಕೆಳಗೆ ಇಟ್ಟು, "ಇಳಿದಿದೆ ಅಜ್ಜಿ. ಇಲ್ಲಿ ನೋಡು" ಅಂದಳು. ಅಜ್ಜಿ ಅಲ್ಲೇ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತಿದ್ದಳು. ಆಮೇಲೆ ಹಾಸಿಗೆ ಬಟ್ಟೆಯನ್ನು ಒಂದು ಸಲ ತಡವಿ ನೋಡಿ, ಕಾಲು ಮಡಚಿ ಮಡಿಲು ಮಾಡಿಕೊಂಡು, "ಈಗ ಕೊಡು ಮಗೂನ" ಅಂದಳು.